ಚರಗದ ಹಿಂದಿನ ನೀರು

ಇಂಡಿ ಪಟ್ಟಣದ ಬೀಜ ಕಂಪನಿಯ ಆಫೀಸಿನಲ್ಲಿ ಆ ವಾರ ಗೋದಾಮಿನ ಮೂಲೆಯಿಂದ ಒಂದು ಹಳೆಯ ಮೇಜು ಹೊರಗೆ ಬಂತು. ಸಾಗವಾನಿಯ ಮೇಜು, ಎರಡು ಖಾನೆ, ಬಲಗಡೆಯ ಖಾನೆಗೆ ಕೀಲಿಯಿಲ್ಲ. ಜವಾನ ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮೇಲೆ ಹೊಸ ಗಾಜು ಕೂರಿಸಿ, ಪಡಸಾಲೆಯ ಕಿಟಕಿಯ ಪಕ್ಕಕ್ಕೆ ಇಟ್ಟ. ಅದು ಯಾರಿಗೆ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಆ ಮೇಜಿನ ಹಿಂದೆ ಹನ್ನೊಂದು ವರ್ಷ ಕುಳಿತು, ಬಂದ ಟಪಾಲು ಹೋದ ಟಪಾಲುಗಳಿಗೆ ನಂಬರು ಬರೆದವಳು ಜಯಮಾಲಾ.

ಈಗ ಅವಳು ಕೂಡುತ್ತಿದ್ದುದು ಒಳಗಿನ ಕಂಪ್ಯೂಟರ್ ಖೋಲಿಯಲ್ಲಿ. ತೊಂಬತ್ತೊಂಬತ್ತರಲ್ಲಿ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೊಂದು ಹೂವಿನ ಕಸೂತಿಯ ಹೊದಿಕೆ ಹೊಲಿಸಿ, ಎಲ್ಲರೂ ದೂರ ನಿಂತು ನೋಡಿದ್ದರು. ಊಟದ ಬಿಡುವಿನಲ್ಲಿ ಆ ಹೊದಿಕೆ ತೆಗೆದವಳು ಇವಳು. ಕೆಡಿಸಿದರೆ ಬಯ್ಯುತ್ತಾರೆ ಎಂಬ ಹೆದರಿಕೆ ಅವಳಿಗೂ ಇತ್ತು. ಆದರೆ ಟಪಾಲಿಗೆ ನಂಬರು ಬರೆಯುತ್ತಲೇ ಮುದುಕಿಯಾಗುವ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಪುಸ್ತಕ ಓದಿದಳು, ವಿಜಾಪುರಕ್ಕೆ ಬಸ್ಸು ಹತ್ತಿ ಎರಡು ತರಬೇತಿ ಮಾಡಿ ಬಂದಳು, ಒಮ್ಮೆ ಎಲ್ಲ ಅಳಿಸಿ ಹೋಗಿ ಮೂರು ದಿನ ಕುಳಿತು ಮತ್ತೆ ತುಂಬಿದಳು. ಒಂಬತ್ತು ವರ್ಷದಲ್ಲಿ ಖೋಲಿ ಅವಳದಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರಿನ ಆಫೀಸುಗಳು ಒಂದೇ ಜಾಲಕ್ಕೆ ಕೂಡಿಕೊಂಡವು. ಊರಿಗೊಂದು ದೊಡ್ಡ ಮಷಿನ್, ಅದರೊಳಗೆ ಮೂರು ಮೂರು ವರ್ಚುವಲ್ ಮಷಿನ್‌ಗಳು. ಒಂದು ಗೋದಾಮಿಗೆ, ಒಂದು ಮೊಳಕೆ ಪರೀಕ್ಷೆಯ ಲ್ಯಾಬಿಗೆ, ಒಂದು ಚೀಲಕ್ಕೆ ಹಚ್ಚುವ ಚೀಟಿ ಮುದ್ರಿಸುವುದಕ್ಕೆ. ಒಟ್ಟು ಹನ್ನೆರಡು. ಕೀಲಿಮಣೆಯ ಮೇಲೆ ಕೈಯಿಟ್ಟರೆ ನಾಲ್ಕು ತಾಲೂಕಿನ ಬೀಜ ಅವಳ ಬೆರಳ ತುದಿಗೆ ಬರುತ್ತಿತ್ತು.

ಕಂಪನಿಯ ಮಾಲೀಕರು ಬಸಂತರಾಯ ಗೌಡರು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಜಾತಿ. ಬೀಜ ಕೊಳ್ಳುವಾಗ ಇಂದಿಗೂ ಒಂದೆರಡು ಕಾಳು ಬಾಯಿಗೆ ಹಾಕಿ ಕಡಿದು ನೋಡುವವರು. ಕಣ್ಣಿಗೆ ಕಾಣದ ಮಷಿನ್ ಎಂಬ ಮಾತೇ ಅವರಿಗೆ ನಗೆ ತರಿಸಿತ್ತು. ಅದೇನು ಭೂತವೇ ಎಂದು ಕೇಳಿದ್ದರು. ಆಗ ಜಯಮಾಲಾ ಹೇಳಿದ್ದಳು:

"ಒಲಿ ಬ್ಯಾರೆ ಆದ ಮನಿ ನೋಡೀರಲ್ರಿ ಗೌಡ್ರ. ಜಂತಿ ಒಂದ, ತಲಬಾಗಿಲ ಒಂದ. ಒಳಗ ಮಾತ್ರ ಮೂರು ಒಲಿ. ಒಂದು ಒಲಿ ಆರಿದ್ರ ಇನ್ನೊಂದು ಮನ್ಯಾವ್ರು ಉಪವಾಸ ಬೀಳೂದಿಲ್ಲ. ಹಂಗ ಇದು."

"ನಮ್ಮ ಮನಿ ಸುದ್ದಿ ಯಾಕ ಎತ್ತತೀರಿ ಬಾಯಾರ" ಎಂದಿದ್ದರು ಗೌಡರು. ಅವರ ಮನೆಯಲ್ಲಿ ಅಣ್ಣ ತಮ್ಮಂದಿರು ಬೇರೆಯಾಗಿ ಆಗಿನ್ನೂ ಒಂದು ವರ್ಷವಾಗಿತ್ತು. ಎಲ್ಲರೂ ನಕ್ಕರು, ಗೌಡರೂ ನಕ್ಕರು. ಆ ದಿನದಿಂದ ವರ್ಚುವಲ್ ಮಷಿನ್‌ಗಳಿಗೆ ಆಫೀಸಿನಲ್ಲಿ 'ಒಲಿ' ಎಂದೇ ಹೆಸರು ಬಿತ್ತು.

ಮೇಜು ಹೊರಗೆ ಬಂದದ್ದಕ್ಕೆ ಕಾರಣ ಗೌಡರ ತಂಗಿಯ ಮಗ ಅಮಿತ. ಪುಣೆಯಲ್ಲಿ ಕಲಿತು ಅಲ್ಲಿಯದೇ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ ಹುಡುಗ. ಹುಡುಗ ಎಂದರೂ ಇಪ್ಪತ್ತೇಳು ತುಂಬಿತ್ತು. ನಾಲ್ಕೂ ಊರಿನ ಕಂಪ್ಯೂಟರ್ ಕೆಲಸವನ್ನು ತಮ್ಮ ಕಂಪನಿಗೆ ಒಪ್ಪಿಸಿದರೆ ಪುಣೆಯಲ್ಲೇ ಕೂತು ಎಲ್ಲ ನಡೆಸಿಕೊಡುತ್ತೇವೆ, ಇಲ್ಲಿ ಯಾರೂ ಬೇಕಾಗಿಲ್ಲ ಎಂದು ಅವನು ಕಾಗದ ತಂದಿದ್ದ. ಗೌಡರು ಸಹಿ ಹಾಕಲಿಲ್ಲ, ಹರಿಯಲೂ ಇಲ್ಲ. ಜನವರಿಯ ಬೇಸಿಗೆ ಶೇಂಗಾ ಬಿತ್ತನೆಗೆ ಬೀಜದ ಚೀಲಗಳು ಸೋಮವಾರದಿಂದ ಹೊರಡಬೇಕಿತ್ತು. ಈ ಸಲ ಹೊಸ ಚೀಟಿ. ಯಾವ ಹೊಲದ ಬೀಜ, ಯಾವ ದಿನ ಪರೀಕ್ಷೆ, ನೂರಕ್ಕೆ ಎಷ್ಟು ಮೊಳೆತವು ಎಲ್ಲವೂ ರೈತನ ಕಣ್ಣಿಗೆ ಕಾಣುವಂತೆ. ಹೊಸ ಚೀಟಿಯಿಲ್ಲದ ಚೀಲ ಗೋದಾಮು ಬಿಡಕೂಡದು ಎಂದು ಗೌಡರು ಊರೂರಿಗೂ ಹೇಳಿ ಕಳಿಸಿದ್ದರು. ಅದಕ್ಕೆ ಹನ್ನೆರಡೂ ಒಲೆಗೆ ಹೊಸ ಸಾಫ್ಟ್‌ವೇರ್ ಹೋಗಬೇಕು. ಸೋಮವಾರದೊಳಗೆ ಹೋದರೆ ಖೋಲಿ ಜಯಮಾಲಾಳದೇ. ಹೋಗದಿದ್ದರೆ ಕಾಗದಕ್ಕೆ ಸಹಿ.

"ನೌಕರಿ ಹೋಗೂದಿಲ್ರಿ, ಆ ಚಿಂತಿ ಬ್ಯಾಡ" ಎಂದರು ಗೌಡರು, ಕಿಟಕಿಯಿಂದ ಪಡಸಾಲೆಯ ಕಡೆ ನೋಡುತ್ತ. "ನಿಮ್ಮ ಮೇಜು ಹಂಗ ಇಟ್ಟೇವಿ."

ಜಯಮಾಲಾ ಆ ಮೇಜನ್ನು ನೋಡಲಿಲ್ಲ. ಯಾವ ದಿನ ಮಾಡೋಣ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಳು. ಶನಿವಾರ, ಎಳ್ಳ ಅಮಾವಾಸ್ಯೆ. ಕೋಣೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಅಮಾವಾಸ್ಯೆಯ ದಿನ ಹೊಸ ಕೆಲಸವೇ? ಅವಳು ಸಾವಧಾನವಾಗಿ ತಿಳಿಸಿದಳು. ಆ ದಿನ ನಾಲ್ಕೂ ತಾಲೂಕಿನಲ್ಲಿ ಒಂದು ನರಪಿಳ್ಳೆಯೂ ಆಫೀಸಿನಲ್ಲಿ ಇರುವುದಿಲ್ಲ, ಎಲ್ಲರೂ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಿರುತ್ತಾರೆ. ಲೈನು ಖಾಲಿ, ಮಷಿನ್ ಖಾಲಿ. ಏನಾದರೂ ಕೆಟ್ಟರೂ ರಿಪೇರಿಗೆ ರವಿವಾರ ಪೂರ್ತಿ ಕೈಯಲ್ಲಿರುತ್ತದೆ. ಗೌಡರು ತಲೆಯಾಡಿಸಿದರು. ಅಮಿತನಿಗೂ ಅದು ಒಪ್ಪಿಗೆಯಾಯಿತು. ಆಫೀಸಿನಲ್ಲಿ ಜನರಿಲ್ಲದಿದ್ದರೆ ಇನ್ನೂ ಒಳ್ಳೆಯದು ಎಂದ.

ಒಪ್ಪಿಗೆ ಆಗದಿದ್ದುದು ಮನೆಯಲ್ಲಿ. ಅತ್ತೆ ಲಕ್ಕವ್ವ ಎಳ್ಳು ಆರಿಸುತ್ತ ಕುಳಿತಿದ್ದಳು. ಝಳಕಿಯ ಹತ್ತಿರ ಅವರದು ಹದಿನಾಲ್ಕು ಎಕರೆ ಎರೆ ಹೊಲ. ಮಾವ ಇರುವ ತನಕ ಚರಗ ಚೆಲ್ಲುವುದು ಅವರ ಕೆಲಸ. ಅವರು ಹೋದ ಮೇಲೆ ಮಗ ಸಿದ್ದಾರೂಢ ಚೆಲ್ಲಲಿ ಎಂದು ಮಂದಿ ಹೇಳಿದಾಗ ಲಕ್ಕವ್ವ ಬುಟ್ಟಿ ಬಿಟ್ಟುಕೊಡಲಿಲ್ಲ. ವರ್ಷಪೂರ್ತಿ ಕಳೆ ತೆಗೆದವಳು ನಾನು, ಸಾಲಿ ಮಾಸ್ತರ ಬಂದು ಚೆಲ್ಲಿದರೆ ಭೂಮಿಗೆ ಗುರುತು ಸಿಗುವುದೇ ಎಂದಿದ್ದಳು. ಜಯಮಾಲಾಳ ಗಂಡ, ಹೈಸ್ಕೂಲು ಮಾಸ್ತರ ಸಿದ್ದಾರೂಢನಿಗೂ ಅದರಲ್ಲಿ ನೋವೇನೂ ಇರಲಿಲ್ಲ, ಹೊಲದಲ್ಲಿ ಅವನ ಆಸಕ್ತಿ ಊಟದ್ದು. ಹಾಗೆ ಹನ್ನೆರಡು ವರ್ಷದಿಂದ ಮುಂದೆ ಅತ್ತೆ ಬುಟ್ಟಿ ಹಿಡಿದು, ಕಡಬು, ಸಜ್ಜಿ ರೊಟ್ಟಿ, ಬಜ್ಜಿ ಕಲಸಿದ ಚರಗವನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ಹೋಗುವುದು, ಹಿಂದೆ ಸೊಸೆ ತಂಬಿಗೆ ಹಿಡಿದು, ಚರಗ ಬಿದ್ದಲ್ಲೆಲ್ಲ ನೀರು ಚಿಮುಕಿಸುತ್ತ ಹೋಗುವುದು ನಡೆದಿತ್ತು.

ಮೊದಮೊದಲು ಜಯಮಾಲಾಳಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಚೆಲ್ಲುವವರ ಕೈ ಎಲ್ಲರಿಗೂ ಕಾಣುತ್ತದೆ, ಕೂಗುವುದೂ ಅವರೇ, ಹೊಲವೆಲ್ಲ ಅವರದೇ ಎಂಬಂತೆ ನಡೆಯುವುದೂ ಅವರೇ. ನೀರಿನವಳ ಕಾಲಿಗೆ ಎರೆ ಮಣ್ಣು ಮೆತ್ತಿಕೊಳ್ಳುತ್ತದೆ, ಅಷ್ಟೆ. ಯಾವ ವರ್ಷದಿಂದಲೋ ಅವಳಿಗೆ ಬೇರೆಯೇ ಒಂದು ಸಂಗತಿ ಹೊಳೆಯತೊಡಗಿತು. ಚೆಲ್ಲುವವರು ಹಿಂದೆ ತಿರುಗಿ ನೋಡುವುದಿಲ್ಲ. ಯಾವ ತುತ್ತು ಜೋಳದ ಬುಡಕ್ಕೆ ಬಿತ್ತು, ಯಾವುದು ಕಲ್ಲಿನ ಮೇಲೆ ಬಿತ್ತು, ಯಾವ ಮೂಲೆಗೆ ಕೈ ಬೀಸಿದರೂ ಏನೂ ಬೀಳಲಿಲ್ಲ ಎಂಬುದೆಲ್ಲ ಹಿಂದಿನವಳಿಗೆ ಮಾತ್ರ ಗೊತ್ತು.

ಈ ಸಲ ಬರುವುದು ತಡವಾಗುತ್ತದೆ ಎಂದಾಗ ಲಕ್ಕವ್ವ ಮುಖ ಎತ್ತಲಿಲ್ಲ. ಎಳ್ಳಿನೊಳಗಿನ ಹರಳು ತೆಗೆದು ಬದಿಗಿಟ್ಟಳು.

"ನಿನ್ನ ಗಂಡಗ ತಂಬಿಗಿ ಕೊಡ್ಲೇನ? ಅವ ನೀರು ಕುಡದು ಕೂಡತಾನ."

ಒಂದು ವರ್ಷ ನೀರು ಹಾಕದಿದ್ದರೆ ಏನಾಗುತ್ತದೆ ಎಂದು ಜಯಮಾಲಾ ಕೇಳಿದಳು. ಅತ್ತೆಯನ್ನು ಕೆಣಕಲಿಕ್ಕಲ್ಲ, ನಿಜವಾಗಿಯೂ ತಿಳಿಯಬೇಕೆನಿಸಿ.

"ನೀರು ಬೀಳದಿದ್ರ ಅದು ಹಕ್ಕಿ ಪಾಲು. ನೀರು ಬಿದ್ರ ಭೂಮಿ ಪಾಲು. ಚೆಲ್ಲಿದ್ದು ಮುಟ್ಟಿತು ಅಂತ ಹೇಳೂದ ನೀರು, ತಿಳೀತೇನ?"

ಜಯಮಾಲಾ ಅತ್ತೆಯ ಎದುರಿಗೆ ಕೂತು ತಾನೂ ಒಂದು ಹಿಡಿ ಎಳ್ಳು ಮುಂದೆ ಎಳೆದುಕೊಂಡಳು. ಕೈ ಎಳ್ಳಿನಲ್ಲಿತ್ತು, ತಲೆ ನಾಲ್ಕು ಊರಿನಲ್ಲಿ ತಿರುಗುತ್ತಿತ್ತು. ಅವಳ ಪರದೆಯ ಮೇಲೆ ಹನ್ನೆರಡು ಹೆಸರು ಇರುತ್ತವೆ. ಸಾಫ್ಟ್‌ವೇರ್ ಹೋಗಿ ಕೂತ ಹೆಸರಿನ ಮುಂದೆ ಹಸಿರು ದೀಪ ಹತ್ತುತ್ತದೆ. ಹಸಿರು ಎಂದರೆ ಕೈ ಬೀಸಿದ್ದಾಯಿತು ಎಂದು. ಬಿತ್ತೋ ಇಲ್ಲವೋ?

ಮರುದಿನ ಅವಳು ಉಳಿದ ಮೂರೂ ಊರಿನ ಆಫೀಸಿನವರಿಗೆ ಫೋನು ಮಾಡಿದಳು. ಕೇಳಿದ್ದು ಸಣ್ಣ ಕೆಲಸ. ಶನಿವಾರ ಬೆಳಿಗ್ಗೆ ಬಂದು, ಒಂದೇ ಒಂದು ಚೀಟಿ ಮುದ್ರಿಸಿ, ಅದರಲ್ಲಿ ಏನಿದೆ ಎಂದು ಫೋನಿನಲ್ಲಿ ಹೇಳಬೇಕು. ಸಿಂದಗಿಯಲ್ಲಿ ಮೆಹರಾಜ ಒಪ್ಪಿದಳು. ತನಗೆ ಆ ದಿನ ಹೊಲದ ಊಟ ನಾಲ್ಕು ಮನೆಯಿಂದ ಬರುತ್ತದೆ, ಆಫೀಸಿಗೇ ತರಲು ಹೇಳುತ್ತೇನೆ ಎಂದಳು. ಬಾಗೇವಾಡಿಯ ಭಾಗ್ಯಾಳ ಹೊಲ ಊರಿಗೆ ಅಂಟಿಕೊಂಡೇ ಇತ್ತು, ಅವಳೂ ಹೂಂ ಅಂದಳು. ಮುದ್ದೇಬಿಹಾಳದ ಕಾಂತು ಮಾತ್ರ ಆಗದೆಂದ. ಅವನ ಬೀಗರ ಹೊಲ ಕೊಲ್ಹಾರದ ಕಡೆ, ನಸುಕಿನಲ್ಲೇ ಗಾಡಿ ಹೊರಡುತ್ತದೆ. ಹಾಗಾದರೆ ಕೀಲಿ ಯಾರ ಹತ್ತಿರ ಎಂದು ಕೇಳಿದಳು. ಶಂಕ್ರೆವ್ವನ ಹತ್ತಿರ ಎಂದ. ಶಂಕ್ರೆವ್ವ ಅಲ್ಲಿ ಕಸ ಹೊಡೆಯುವವಳು, ಚೀಲಕ್ಕೆ ಚೀಟಿ ಹಚ್ಚುವವಳು. ಓದು ಬರಹ ಬರುವುದಿಲ್ಲ.

ಶಂಕ್ರೆವ್ವನನ್ನೇ ಫೋನಿಗೆ ಕರೆಸಿ, ಹೊಲಕ್ಕೆ ಹೋಗುವುದಿಲ್ಲವೇ ಎಂದು ಜಯಮಾಲಾ ಕೇಳಿದಳು.

"ಹೊಲ ಇದ್ದಾವ್ರು ಚೆಲ್ತಾರ್ರಿ ಅಕ್ಕಾರ. ನಾವು ಉಣ್ಣಾಕ ಹೋಗಾವ್ರು. ಉಣ್ಣೂದು ತಡಾ ಆದ್ರ ಹೊಲ ಏನ್ ಓಡಿ ಹೋಗೂದಿಲ್ಲ."

ಗುರುವಾರ ಶುಕ್ರವಾರ ಎರಡು ದಿನ ಜಯಮಾಲಾ ಅವಳಿಗೆ ಫೋನಿನಲ್ಲೇ ಪಾಠ ಹೇಳಿದಳು. ಯಾವ ಗುಂಡಿ ಒತ್ತಬೇಕು, ಪರದೆಯ ಮೇಲಿನ ಯಾವ ಚಿತ್ರದ ಮೇಲೆ ಬಾಣ ತಂದು ನಿಲ್ಲಿಸಬೇಕು. ಹೊಸ ಚೀಟಿಯ ಗುರುತನ್ನೂ ಹೇಳಿದಳು. ಹಳೆಯ ಚೀಟಿಯ ಮೂಲೆಯಲ್ಲಿ ಜೋಳದ ತೆನೆ ಇತ್ತು, ಹೊಸದರಲ್ಲಿ ಎರಡೆಲೆಯ ಮೊಳಕೆ ಇರುತ್ತದೆ.

ಅಮಾವಾಸ್ಯೆಯ ದಿನ ಎಂಟಕ್ಕೆಲ್ಲ ಜಯಮಾಲಾ ಖೋಲಿಯಲ್ಲಿದ್ದಳು. ಇಂಡಿಯ ರಸ್ತೆಗಳಲ್ಲಿ ಗಾಡಿ, ಟ್ರ್ಯಾಕ್ಟರು, ಟಂಟಂ, ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಶೇಂಗಾ ಹೋಳಿಗೆ. ಊರೆಲ್ಲ ಊರ ಹೊರಗೆ ನಡೆದಿತ್ತು. ಅವಳು ಮೊದಲು ಹನ್ನೆರಡೂ ಒಲೆಗಳ ಆ ಹೊತ್ತಿನ ಸ್ಥಿತಿಯ ನಕಲೊಂದನ್ನು ತೆಗೆದು ಬದಿಗಿಟ್ಟಳು. ಮೊಸರು ಕಡೆಯುವ ಮೊದಲು ಒಂದು ಚಮಚ ಹೆಪ್ಪು ತೆಗೆದಿಡುವ ಹಾಗೆ. ಇವತ್ತಿನ ಅಡಿಗೆ ಕೆಟ್ಟರೂ ನಾಳೆಯ ಮೊಸರಿಗೆ ತೊಂದರೆಯಿಲ್ಲ. ಆಮೇಲೆ ಹೊಸ ಸಾಫ್ಟ್‌ವೇರನ್ನು ಹೊರಡಿಸಿದಳು.

ಅಮಿತ ಒಂಬತ್ತೂವರೆಗೆ ಬಂದ. ಮಾವ ಕಳಿಸಿದ್ದಾರೆ ಎಂದು ಕುರ್ಚಿ ಎಳೆದುಕೊಂಡು ಕೂತ. ಅವಳನ್ನು ಅವನು ಆಂಟಿ ಎನ್ನುತ್ತಿದ್ದ. ಆ ಪದದಲ್ಲಿ ಅಕ್ಕರೆಗಿಂತ ಅವಳ ವಯಸ್ಸಿನ ಲೆಕ್ಕವೇ ಹೆಚ್ಚಿದ್ದಂತೆ ಜಯಮಾಲಾಳಿಗೆ ಅನ್ನಿಸುತ್ತಿತ್ತು. ಪರದೆಯ ಮೇಲೆ ಒಂದೊಂದೇ ದೀಪ ಹಸಿರಾಗುತ್ತ ಬಂತು. ಮೊದಲು ಇಂಡಿಯ ಮೂರು. ಆಮೇಲೆ ಬಾಗೇವಾಡಿ. ಸಿಂದಗಿಯ ಲೈನು ಸ್ವಲ್ಪ ಕುಂಟಿತು, ಆಮೇಲೆ ಹಿಡಿಯಿತು. ಹನ್ನೊಂದೂ ಕಾಲಿಗೆ ಹನ್ನೆರಡೂ ಹಸಿರು.

"ಮುಗೀತಲ್ರಿ ಆಂಟಿ. ನಡೀರಿ ಹೊಲಕ್ಕ" ಎಂದ ಅಮಿತ.

"ಇನ್ನ ನೀರು ಹಾಕಿಲ್ಲಪಾ."

ಅವನಿಗೆ ತಿಳಿಯಲಿಲ್ಲ. ಅವಳು ತಿಳಿಸಲೂ ಇಲ್ಲ, ಫೋನು ಎತ್ತಿದಳು. ಇಂಡಿಯ ಚೀಟಿ ಅವಳ ಕೈಯಲ್ಲೇ ಇತ್ತು, ಮೊಳಕೆ ಚೆನ್ನಾಗಿ ಬಂದಿತ್ತು. ಬಾಗೇವಾಡಿಯಿಂದ ಭಾಗ್ಯಾ ಅಕ್ಷರ ಅಕ್ಷರ ಓದಿ ಹೇಳಿದಳು. ಸಿಂದಗಿಯ ಮೆಹರಾಜ, ಮೊಳಕೆ ಎಷ್ಟು ಚಂದ ಬಂದಿದೆಯೆಂದರೆ ಕಿತ್ತು ಪಲ್ಯ ಮಾಡಬೇಕೆನಿಸುತ್ತದೆ ಎಂದಳು. ಕೊನೆಗೆ ಮುದ್ದೇಬಿಹಾಳ. ಫೋನಿನ ಆ ಕಡೆ ಮುದ್ರಣದ ಸದ್ದು ಕರಕರ ಕೇಳಿಸಿತು.

"ಚೀಟಿ ಬಂತ್ರಿ ಅಕ್ಕಾರ. ಆದ್ರ ತೆನಿ ಐತ್ರಿ."

"ಸರಿ ನೋಡು ಶಂಕ್ರೆವ್ವ. ಎರಡು ಎಲಿ ಇರಬೇಕು."

"ಹತ್ತು ವರ್ಸಾತು ಈ ತೆನಿ ಹಚ್ಚಾಕತ್ತಿ. ತೆನಿ ಯಾವುದು, ಮೊಳಕಿ ಯಾವುದು ತಿಳೀದಾಕಿ ಹೊಟ್ಟಿಗೆ ಏನ್ ತಿಂತಾಳ್ರಿ?"

ಅಮಿತ ನಕ್ಕ. ಓದಲು ಬರದವಳ ಕೈಯಲ್ಲಿ ಪರೀಕ್ಷೆ ಮಾಡಿಸಿದರೆ ಹೀಗೇ ಆಗುವುದು, ಹಿಂದೆ ಮುದ್ರಿಸಿ ಬಿದ್ದಿದ್ದ ಹಳೆಯ ಚೀಟಿ ಕೈಗೆ ಬಂದಿರಬೇಕು, ಪರದೆ ನೋಡಿ, ಪರದೆ ಸುಳ್ಳು ಹೇಳುವುದಿಲ್ಲ ಎಂದ.

ಜಯಮಾಲಾ ಪರದೆ ನೋಡಿದಳು. ಮುದ್ದೇಬಿಹಾಳದ ಚೀಟಿ ಒಲೆಯ ಮುಂದೆ ದೀಪ ಹಸಿರಾಗಿತ್ತು.

"ಆಕಿಗೆ ಓದಾಕ ಬರೂದಿಲ್ಲ. ಅದಕ್ಕ ಬರದದ್ದನ್ನ ನೋಡಿ ಮೋಸ ಹೋಗೂದಿಲ್ಲ. ಕಂಡದ್ದು ಹೇಳ್ತಾಳ" ಎಂದಳು. ಶಂಕ್ರೆವ್ವನಿಗೆ ಅಲ್ಲೇ ಕೂತಿರು ಎಂದು ಹೇಳಿ ಫೋನಿಟ್ಟಳು.

ಅವಳು ಮಷಿನ್‌ಗಳ ಒಳಗಿನ ಗುರುತುಗಳ ಪಟ್ಟಿ ತೆರೆದಳು. ಪ್ರತಿ ಮಷಿನ್ನಿಗೆ ಹೊರಗೊಂದು ಹೆಸರಿರುತ್ತದೆ, ಒಳಗೊಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಹೆಸರು ನಾವು ಕರೆಯಲಿಕ್ಕೆ, ಸಂಖ್ಯೆ ಮಷಿನ್‌ಗಳು ಒಂದನ್ನೊಂದು ಗುರುತಿಸಲಿಕ್ಕೆ. ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಬಂದವಳು ಒಂಬತ್ತನೆಯದರಲ್ಲಿ ನಿಂತಳು. ಸಿಂದಗಿಯ ಚೀಟಿ ಒಲೆ, ಮುದ್ದೇಬಿಹಾಳದ ಚೀಟಿ ಒಲೆ. ಹೆಸರು ಎರಡು, ಒಳಗಿನ ಸಂಖ್ಯೆ ಒಂದೇ. ಸಿಂದಗಿಯದು ಮುಟ್ಟಿತು ಎಂದು ಹೇಳಿದ್ದನ್ನು ಪರದೆ ಎರಡೂ ಒಲೆಗಳ ಮಾತೆಂದು ತಿಳಿದು ಎರಡಕ್ಕೂ ಹಸಿರು ಹಚ್ಚಿತ್ತು.

ಅವಳಿಗೆ ಕೂಡಲೇ ನೆನಪಾಯಿತು. ನೆನಪಾದ ಮೇಲೆ ಕಿವಿ ಬಿಸಿಯಾಯಿತು.

ಜೂನ್ ತಿಂಗಳು, ಮುಂಗಾರಿ ಬಿತ್ತನೆಯ ಗದ್ದಲ. ಮುದ್ದೇಬಿಹಾಳದ ಚೀಟಿ ಮಷಿನ್ ಕೆಟ್ಟು, ಗೋದಾಮಿನ ಮುಂದೆ ಗಾಡಿಗಳ ಸಾಲು ಬಸ್‌ ಸ್ಟ್ಯಾಂಡಿನ ತನಕ ನಿಂತಿತ್ತು. ಹೊಸದಾಗಿ ಕಟ್ಟಲು ಹೊತ್ತಿರಲಿಲ್ಲ. ಮನೆಯಲ್ಲಿ ಹೆಪ್ಪು ಕೆಟ್ಟರೆ ಏನು ಮಾಡುತ್ತೇವೆ, ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ. ಅವಳು ಅದನ್ನೇ ಮಾಡಿದ್ದಳು. ಸಿಂದಗಿಯ ಮಷಿನ್ನಿನದೊಂದು ನಕಲು ತೆಗೆದು, ಹೊರಗಿನ ಹೆಸರು ಬದಲಿಸಿ, ಮುದ್ದೇಬಿಹಾಳದಲ್ಲಿ ಇಳಿಸಿದ್ದಳು. ನಲವತ್ತು ನಿಮಿಷದಲ್ಲಿ ಗಾಡಿಗಳು ಹೊರಟವು. ಒಳಗಿನ ಸಂಖ್ಯೆ ಬದಲಿಸಬೇಕು ಎಂದು ಆ ದಿನವೇ ವಹಿಯಲ್ಲಿ ಬರೆದುಕೊಂಡಿದ್ದಳು. ಸಂಜೆ ಗೌಡರು ಎಲ್ಲರೆದುರು ಅವಳನ್ನು ಹೊಗಳಿದರು. ಮರುದಿನ ಮುದ್ದೇಬಿಹಾಳದ ಮ್ಯಾನೇಜರ ಅಮೀನುದ್ದೀನ ಅವಳಿಗೆ ಪೇಢೆ ಕಳಿಸಿದ. ವಹಿಯ ಆ ಸಾಲಿನ ಮುಂದೆ ಕೆಲಸ ಮುಗಿದ ಗೀಟು ಬೀಳಲೇ ಇಲ್ಲ. ಹೆಪ್ಪು ತಂದವಳು ಬಟ್ಟಲು ತೊಳೆದು ತಿರುಗಿ ಕೊಡುವುದನ್ನು ಮರೆತಿದ್ದಳು. ಕೆಲಸದ ಹೊರೆಯಿಂದ ಮರೆತೆ ಎಂದು ಹೇಳಬಹುದಿತ್ತು. ಆದರೆ ಅವಳಿಗೆ ಗೊತ್ತು, ಅವಳನ್ನು ಮರೆಸಿದ್ದು ಆ ಪೇಢೆ.

ಅಮಿತನಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ಅವನು ಫೋನಿನಲ್ಲಿ ಯಾರಿಗೋ ಸಂದೇಶ ಒತ್ತುತ್ತಿದ್ದ. ಸಂಖ್ಯೆ ಬದಲಿಸಿ ಮತ್ತೊಮ್ಮೆ ಕಳಿಸಿದರೆ ಒಂದು ತಾಸಿನ ಕೆಲಸ. ಲೈನು ಕುಂಟಿತ್ತು ಎಂದು ಹೇಳಿದರೆ ಸಾಕು, ಒಂದು ಹುಳವೂ ಕೇಳುವುದಿಲ್ಲ. ಪಡಸಾಲೆಯ ಮೇಜಿನ ಗಾಜಿಗೆ ಬಿಸಿಲು ಬಿದ್ದು ಒಂದು ಬೆಳಕಿನ ಪಟ್ಟಿ ಖೋಲಿಯ ಬಾಗಿಲ ತನಕ ಬಂದಿತ್ತು. ಮುಚ್ಚಿಟ್ಟು ಖೋಲಿ ಉಳಿಸಿಕೊಂಡರೆ ಮುಂದೆ ತಾನು ಏನಾಗುತ್ತೇನೆ ಎಂದು ಅವಳು ಯೋಚಿಸಿದಳು. ಹಸಿರು ದೀಪ ಆಗುತ್ತೇನೆ, ಅಷ್ಟೆ. ಹಾಗನ್ನಿಸಿದ ಮೇಲೆ ಅವಳ ಮನಸ್ಸು ಸ್ಥಿರವಾಯಿತು.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಗೌಡರು ತಮ್ಮ ಹೊಲಕ್ಕೆ ಹೊರಟವರು, ದಾರಿಯಲ್ಲಿ ಇಳಿದಿದ್ದರು. ಬಾಗಿಲಲ್ಲೇ ನಿಂತು, ಎಷ್ಟಾಯಿತು ಎಂದು ಕೇಳಿದರು.

"ಹನ್ನೆರಡೂ ಆಗ್ಯಾವ ಮಾಮಾ. ಒಬ್ಬಾಕಿ ಏನೋ ತೆನಿ ಅಂತಾಳ, ಬಿಡು" ಎಂದ ಅಮಿತ.

"ಹನ್ನೊಂದ್ರಿ" ಎಂದಳು ಜಯಮಾಲಾ.

ಅವಳು ಎದ್ದು ನಿಂತು ಎಲ್ಲ ಹೇಳಿದಳು. ಜೂನ್ ತಿಂಗಳ ನಕಲು, ವಹಿಯಲ್ಲಿ ಬರೆದೂ ಮಾಡದೆ ಬಿಟ್ಟದ್ದು, ಒಂದೇ ಸಂಖ್ಯೆ, ಸುಳ್ಳು ಹಸಿರು. ವಹಿ ತೆಗೆದು ಆ ಸಾಲನ್ನೂ ತೋರಿಸಿದಳು. ಗೌಡರು ಕನ್ನಡಕ ಹಾಕಿಕೊಂಡು ಓದಿದರು. ಅಮಿತ ನೆಟ್ಟಗೆ ಕೂತ. ನೋಡು ಮಾಮಾ, ಇದಕ್ಕೇ ನಾನು ಹೇಳಿದ್ದು ಎಂದ.

"ಅಂದ್ರ ತಪ್ಪು ನಿಮ್ಮದ" ಎಂದರು ಗೌಡರು.

"ನಂದ್ರಿ. ಹಿಡದದ್ದೂ ನಮ್ಮ ಶಂಕ್ರೆವ್ವ. ಪುಣೇದಾಗ ಕುಂತಿದ್ರ ಇಷ್ಟೊತ್ತಿಗೆ ಎಲ್ಲಾ ಹಸರ ಅಂತ ಊಟಕ್ಕ ಎದ್ದಿರತಿದ್ರು. ಸೋಮವಾರ ಮುದ್ದೇಬಿಹಾಳದ ಚೀಲ ಹಳೇ ತೆನಿ ಹಚಗೊಂಡು ನಿಂತಿರತಿದ್ದವು. ಒಂದು ತಾಸು ಕುಂದರ್ರಿ, ಹನ್ನೆರಡು ಮಾಡಿ ತೋರಸ್ತೇನಿ."

ಗೌಡರು ಜೀಪಿನವನಿಗೆ ಕಾಯಲು ಕೈ ಮಾಡಿ ಒಳಗೆ ಬಂದು ಕೂತರು.

ಆ ಒಂದು ತಾಸು ಜಯಮಾಲಾ ಯಾರ ಕಡೆಗೂ ನೋಡಲಿಲ್ಲ. ಮುದ್ದೇಬಿಹಾಳದ ಮಷಿನ್ನಿಗೆ ಇನ್ನೊಮ್ಮೆ ಹೆಪ್ಪು ತೆಗೆದಿಟ್ಟಳು. ಹಳೆಯ ಗುರುತಿನ ಸಂಖ್ಯೆ ಅಳಿಸಿ ಅದಕ್ಕೆ ಅದರದೇ ಸಂಖ್ಯೆ ಕೊಟ್ಟಳು. ಮಷಿನ್ ಆರಿ ಹೊತ್ತುವ ತನಕ ಪರದೆಯ ಮೇಲೆ ಮುದ್ದೇಬಿಹಾಳದ ದೀಪವೇ ಇರಲಿಲ್ಲ, ಬರೀ ಬೂದು ಬಣ್ಣ. ಅಮಿತ ಕಾಲು ಅಲ್ಲಾಡಿಸುತ್ತಿದ್ದ. ಬೂದು ಹೋಗಿ ಹಳದಿ ಬಂತು. ಸಾಫ್ಟ್‌ವೇರ್ ಹೊರಟಿತು. ನೂರಕ್ಕೆ ಇಪ್ಪತ್ತು, ನಲವತ್ತು, ನಲವತ್ತಕ್ಕೇ ನಿಂತು ಬಹಳ ಹೊತ್ತು, ಆಮೇಲೆ ಎಂಬತ್ತು. ಹಸಿರಾಯಿತು. ಅವಳು ಹಸಿರಿನ ಕಡೆ ನೋಡದೆ ಫೋನು ಎತ್ತಿದಳು. ಗೌಡರಿಗೂ ಕೇಳಿಸಲಿ ಎಂದು ಫೋನಿನ ಸ್ಪೀಕರ್ ಗುಂಡಿ ಒತ್ತಿದಳು.

ಕರಕರ ಸದ್ದು. ಆಮೇಲೆ ಶಂಕ್ರೆವ್ವನ ದನಿ.

"ಹಾಂ, ಈಗ ಮೊಳತೈತ್ರಿ ಅಕ್ಕಾರ. ಎರಡು ಎಲಿ. ಒಂದು ಸಣ್ಣದು, ಒಂದು ದೊಡ್ಡದು."

ಚಿತ್ರದಲ್ಲಿ ಒಂದು ಎಲೆ ಸಣ್ಣದು, ಒಂದು ದೊಡ್ಡದು ಇರುವುದನ್ನು ಅಲ್ಲಿಯ ತನಕ ಜಯಮಾಲಾ ಕೂಡ ನೋಡಿರಲಿಲ್ಲ. ಕೈಯಲ್ಲಿದ್ದ ಇಂಡಿಯ ಚೀಟಿಯನ್ನು ತಿರುಗಿಸಿ ನೋಡಿದಳು. ಹೌದಿತ್ತು. ಗೌಡರೂ ಕೈ ಚಾಚಿ ಚೀಟಿ ಈಸಿಕೊಂಡು ನೋಡಿದರು. ಫೋನಿನಲ್ಲಿ ಶಂಕ್ರೆವ್ವ, ಈಗಾದರೂ ಉಣ್ಣಲು ಹೋಗಲೇ ಎಂದು ಕೇಳಿದಳು. ಹೋಗು ಎಂದರು ಗೌಡರು. ಯಾರ ದನಿ ಎಂದು ಅವಳಿಗೆ ತಿಳಿಯಲಿಲ್ಲ. ಹೂಂ ಅಂದು ಫೋನಿಟ್ಟಳು.

"ಬಿತ್ತೂ ಕೂರಗಿ ಹಿಂದ ಹೆಣ್ಣಮಕ್ಕಳನ್ನ ಯಾಕ ನಿಲ್ಲಸ್ತಾರ ಗೊತ್ತೈತೇನಲೇ?" ಎಂದು ಗೌಡರು ಅಮಿತನನ್ನು ಕೇಳಿದರು. "ಮುಂದ ಎತ್ತು ಹೊಡಿಯಾವಗ ಸಾಲು ಕಾಣತೈತಿ. ಬೀಜ ಇಳದದ್ದು ಕಾಣೂದಿಲ್ಲ. ನಳಿಗಿ ಕಟಗೊಂಡಿದ್ರ ಎಂಟು ದಿನದ ಮ್ಯಾಲ ಗೊತ್ತಾಕೈತಿ, ಸಾಲಿಗೆ ಸಾಲ ಬೋಳು."

ಗೌಡರು ಎದ್ದು ಪಡಸಾಲೆಗೆ ಹೋದರು. ಅಮಿತನೂ ಹಿಂದೆ ಹೋದ. ಮೇಜಿನ ಮೇಲೆ ಗೌಡರು ಕೈಯಾಡಿಸಿದ್ದು, ಗಾಜು ಎತ್ತಿ ಅಂಚು ನೋಡಿದ್ದು ಜಯಮಾಲಾಳಿಗೆ ಬಾಗಿಲಿನಿಂದ ಕಾಣಿಸಿತು. ಅವರು ಜೀಪಿನವನನ್ನು ಕರೆದು, ಸೋಮವಾರ ಬೀಜದ ಲಾರಿ ಹೋಗುವಾಗ ಇದನ್ನೂ ಹಾಕಿ ಕಳಿಸು ಎಂದರು. ಎಲ್ಲಿಗೆ ಎಂದು ಅವನು ಕೇಳಿದ.

"ಮುದ್ದೇಬಿಹಾಳಕ್ಕ. ಆ ಹೆಣ್ಣಮಗಳು ನೆಲಕ್ಕ ಕುಂತು ಚೀಟಿ ಹಚ್ಚತಾಳ, ನಾ ನೋಡೇನಿ."

ಆಮೇಲೆ ಬಾಗಿಲ ತನಕ ತಿರುಗಿ ಬಂದು ಜಯಮಾಲಾಳಿಗೆ ಹೇಳಿದರು. ಆ ವಹಿಯೊಳಗೆ ಗೀಟು ಬೀಳದ ಸಾಲು ಇನ್ನೆಷ್ಟಿವೆ, ಸೋಮವಾರ ತಂದು ತೋರಿಸಬೇಕು. ಪುಣೆಯ ಕಾಗದ ಅವರ ಕೋಟಿನ ಕಿಸೆಯಲ್ಲೇ ಇತ್ತು. ತೆಗೆದು, ನಾಲ್ಕು ಮಡಿಕೆ ಮಾಡಿ, ಅಮಿತನ ಅಂಗಿಯ ಕಿಸೆಗೆ ತುರುಕಿ, ನಡಿ ಊಟಕ್ಕೆ ಎಂದು ಅವನ ಹೆಗಲ ಮೇಲೆ ಕೈ ಹಾಕಿದರು. ಅಮಿತ ಜೀಪು ಹತ್ತುವ ಮೊದಲು ತಿರುಗಿ ನೋಡಿದ.

"ಆ ಒಳಗಿನ ನಂಬರ ಹೆಂಗ ಹುಡಕಿದ್ರಿ ಆಂಟಿ?"

"ಸೋಮವಾರ ಬಾ, ತೋರಸ್ತೇನಿ. ಅಕ್ಕಾರ ಅನ್ನು ಮೊದಲ."

ಅವಳು ವಹಿಯಲ್ಲಿ ಜೂನ್ ತಿಂಗಳ ಆ ಸಾಲಿನ ಮುಂದೆ ಗೀಟು ಎಳೆದು, ತಾರೀಖು ಬರೆದು, ಖೋಲಿಗೆ ಬೀಗ ಹಾಕಿದಳು.

ಝಳಕಿಯ ಹೊಲ ಮುಟ್ಟುವಾಗ ಎರಡು ಗಂಟೆ ಮೀರಿತ್ತು. ಬನ್ನಿಗಿಡದ ಕೆಳಗೆ ಸಿದ್ದಾರೂಢ ಉಂಡು ಟಾವೆಲ್ಲು ಹಾಸಿ ಮಲಗಿದ್ದ. ಬಿಳಿಜೋಳ ಎದೆಯ ಎತ್ತರಕ್ಕೆ ನಿಂತು, ಗಾಳಿ ಬಂದಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸದ್ದು ಮಾಡುತ್ತಿತ್ತು. ಲಕ್ಕವ್ವ ಬದುವಿನ ಮೇಲೆ ಕೂತಿದ್ದಳು. ಬುಟ್ಟಿಯ ಮೇಲೆ ಬಿಳಿ ಅರಿವೆ ಮುಚ್ಚಿತ್ತು. ಮೂರು ಮೂಲೆಗೆ ಚೆಲ್ಲಿ ಬಂದಿದ್ದೇನೆ, ನಿನ್ನ ಗಂಡ ನೀರು ಹಾಕಿದನೋ ಹೊಲಕ್ಕೆ ಮುಖ ತೊಳೆಸಿದನೋ ಶಿವನೇ ಬಲ್ಲ, ಒಂದು ಮೂಲೆ ಹಾಗೇ ಬಿಟ್ಟಿದ್ದೇನೆ ಎಂದಳು. ಆಫೀಸಿನ ಕೆಲಸ ಏನಾಯಿತೆಂದು ಕೇಳಲಿಲ್ಲ. ಸೊಸೆಯ ಮುಖ ಒಮ್ಮೆ ನೋಡಿದಳು, ಅಷ್ಟೇ. ಆಮೇಲೆ ಮೊಣಕಾಲು ಹಿಡಿದು ಎದ್ದು ಬುಟ್ಟಿಯನ್ನು ಅವಳ ಕಡೆ ಚಾಚಿದಳು.

"ಹಿಡಿ. ಇದೊಂದು ಮೂಲಿ ನೀ ಚೆಲ್ಲು. ನನ್ನ ಕಾಲು ನೋವು."

ಅತ್ತೆಯ ಕಾಲಿಗೆ ಯಾವ ನೋವೂ ಇಲ್ಲ ಎಂಬುದು ಜಯಮಾಲಾಳಿಗೆ ಗೊತ್ತಿತ್ತು. ಅವಳು ಬುಟ್ಟಿಯನ್ನು ನೋಡಿದಳು. ಹತ್ತು ವರ್ಷದ ಹಿಂದೆ ಯಾರಾದರೂ ಹೀಗೆ ಚಾಚಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ನಗು ಬಂತು.

"ಚೆಲ್ಲೂದು ನೀವ ಚೆಲ್ರಿ ಅತ್ತಿ. ನಿಮ್ಮ ಕೈ ಬೀಸು ನನಗ ಬರೂದಿಲ್ಲ."

ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಕೊಡದಿಂದ ತಂಬಿಗೆ ತುಂಬಿಕೊಂಡಳು. ಲಕ್ಕವ್ವ ಮುಂದೆ ನಡೆದಳು. ಈಶಾನ್ಯದ ಮೂಲೆಯಲ್ಲಿ ಜೋಳದ ಸಾಲಿನ ನಡುವೆ ಮೊದಲ ಹಿಡಿ ಬಿತ್ತು. ಜಯಮಾಲಾ ಬಗ್ಗಿ, ಅದು ಬಿದ್ದ ಜಾಗ ನೋಡಿ, ನೀರು ಹಾಕಿದಳು. ಎರಡನೆಯ ಹಿಡಿ ಬದುವಿನ ಕಲ್ಲಿನ ಮೇಲೆ ಬಿದ್ದಿತ್ತು.

"ಅತ್ತಿ, ನಿಲ್ರಿ. ಇದು ಕಲ್ಲಿನ ಮ್ಯಾಲ ಬಿದ್ದೈತಿ. ಇನ್ನೊಮ್ಮೆ ಚೆಲ್ರಿ."

ಹನ್ನೆರಡು ವರ್ಷದಲ್ಲಿ ಮೊದಲ ಸಲ ಲಕ್ಕವ್ವ ಹಿಂದೆ ತಿರುಗಿ ನೋಡಿದಳು. ಕಲ್ಲು ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಬುಟ್ಟಿಗೆ ಕೈ ಹಾಕಿದಳು.